ನಾನು ಕೂಗದ ಹೆಸರು

ವರ್ತೂರು ಕೆರೆಯ ನೊರೆ ಗಾಳಿಗೆ ಎದ್ದು ರಸ್ತೆಯ ಮೇಲೆ ಬಂದು ಕೂರುತ್ತಿದ್ದ ವರ್ಷಗಳವು. ನಮ್ಮೂರಿನವರಿಗೆ ಆ ವಾಸನೆ ಹೇಳಿಕೊಡಬೇಕಿಲ್ಲ. ಬಟ್ಟೆ ಒಗೆದ ನೀರನ್ನು ವಾರಗಟ್ಟಲೆ ಮುಚ್ಚಿಟ್ಟು ತೆರೆದಂತೆ. ಮೈಗೆ ತಾಗಿದರೆ ತುರಿಕೆ. ಆದರೂ ಸಂಜೆ ಅವರೆಕಾಳಿನ ಉಸಲಿ ತಿಂದು, ಕೈಯನ್ನು ಲಂಗಕ್ಕೆ ಒರೆಸಿಕೊಂಡು ನಾವು ಓಡುತ್ತಿದ್ದದ್ದು ಕೆರೆಯಂಚಿನ ಬಯಲಿಗೇ.

ಆ ವರ್ಷ ನಮ್ಮ ಮಹಡಿಯಲ್ಲಿ ಕೆನಡಾದವರೊಬ್ಬರು ಬಾಡಿಗೆಗಿದ್ದರು. ಒಂದು ಭಾನುವಾರ ಬೀದಿಯ ಮಕ್ಕಳನ್ನೆಲ್ಲ ಕೂರಿಸಿಕೊಂಡು, ತಮ್ಮ ದೇಶದ ಫುಟ್‌ಬಾಲ್ ಫೈನಲನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದರು. ಸುರಿಯುವ ಹಿಮ, ತೆಂಗಿನಕಾಯಿಯಂಥ ಚೆಂಡು. ಅದನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಿದ್ದರು. ಮೂರು ಯತ್ನದಲ್ಲಿ ಹತ್ತು ಹೆಜ್ಜೆ ಮುಂದೆ ಹೋಗಬೇಕು, ಆಗದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ಮುಟ್ಟಿದರೆ ಅಂಕ. ಊರಿಗೆ ಹೊರಡುವಾಗ ಅಂಥದೊಂದು ಚೆಂಡನ್ನು ನನ್ನ ಕೈಗಿಟ್ಟು ಹೋದರು. ಹಿಮದ ಬದಲು ನಮಗೆ ನೊರೆಯಿತ್ತು.

ನಾಲ್ಕು ತಂಡಗಳಾದವು. ಮೇಲಿನ ಬೀದಿಗೆ ನಾನೇ ನಾಯಕಿ. ಹತ್ತು ವರ್ಷದ ತಮ್ಮ ಸೀನ ಸೇರಿಸಿಕೋ ಎಂದು ಬೆನ್ನು ಬಿದ್ದ.

"ನೀನು ಪಿಳ್ಳೆ ಕಣೋ. ಹೊರಗೆ ಕೂತ್ಕೊಂಡು ಚಪ್ಪಲಿ ಕಾಯಿ."

ಕೇಳಿಸಿಕೊಂಡ ನೀಲವ್ವ ನಕ್ಕಳು. ಅವಳ ಮನೆಯವರು ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು ನಮ್ಮಪ್ಪನ ಶೀಟ್ ಮನೆಗಳಲ್ಲಿದ್ದರು. ಅಲ್ಲಿನ ಮಕ್ಕಳ ತಂಡಕ್ಕೆ ಅವಳು ನಾಯಕಿ.

"ನಿಮಗ ಬ್ಯಾಡಂದ್ರ ನಮಗ ಕೊಡ್ರಿ ಅಕ್ಕಾ. ನಮ್ಮಾಗ ಒಬ್ಬ ಕಡಿಮಿ ಬಿದ್ದಾನ."

"ತಗೊಂಡೋಗು, ಪುಕ್ಕಟೆ" ಅಂದೆ.

ದೇವಸ್ಥಾನದ ಬೀದಿಯವರನ್ನು ನಾವು ಸುಲಭವಾಗಿ ಸೋಲಿಸಿ ಫೈನಲಿಗೆ ಹೋದೆವು. ಶೀಟ್ ಮನೆಯವರಿಗೆ ಸಿಕ್ಕಿದ್ದು ಸಂತೆ ಬೀದಿಯ ದಾಂಡಿಗರು. ಸೋತೇಬಿಟ್ಟರು ಅನ್ನುವಾಗ ಕೊನೆಯ ಯತ್ನದಲ್ಲಿ ಸೀನ ಒಬ್ಬನ ಕಾಲ ಸಂದಿಯಲ್ಲಿ ನುಸುಳಿ ಗೆರೆ ಮುಟ್ಟಿದ. ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅವತ್ತು ರಾತ್ರಿ ಅವನು ಮನೆಯಲ್ಲಿ ಉಣ್ಣಲಿಲ್ಲ. ಕೈಯಿಂದ ನೀಲವ್ವನ ಮನೆಯ ಜೋಳದ ರೊಟ್ಟಿಯ ವಾಸನೆ ಬರುತ್ತಿತ್ತು. ನನಗೆ ಹೊಟ್ಟೆ ಉರಿಯಿತು.

ಫೈನಲಿಗೆ ಅಜ್ಜಿಯ ಹಿತ್ತಾಳೆ ಚೊಂಬೇ ಟ್ರೋಫಿ. ಬೀದಿ ದೀಪ ಹತ್ತಿದರೆ ಆಟ ಮುಗಿದಂತೆ. ನಾವು ಒಂದೇ ಒಂದು ಅಂಕ ಮುಂದಿದ್ದೆವು. ಅವರಿಗೆ ಒಂದು ಯತ್ನ ಉಳಿದಿತ್ತು, ಗೆರೆ ಮೂರೇ ಹೆಜ್ಜೆ ದೂರ. ಆ ಯತ್ನ ಶುರುವಾಗುವ ಮೊದಲೇ ಸೀನನ ಕೈಯಿಂದ ಜಾರಿದ ಚೆಂಡು ಪುಟಿಯುತ್ತಾ ನೊರೆಯೊಳಗೆ ಹೋಯಿತು.

ಕೆರೆಯಂಚಿಗೆ ಹುಲ್ಲು ಕೊಯ್ಯಲು ಹೋಗುವವರದೊಂದು ಪದ್ಧತಿ ಇತ್ತು. ಆಳೆತ್ತರದ ನೊರೆಯೊಳಗೆ ಏನೂ ಕಾಣದು, ಪಕ್ಕದಲ್ಲೇ ಕಾಲುವೆ. ಹಾಗಾಗಿ ಒಳಗೆ ಹೋದವರ ಹೆಸರನ್ನು ಹೊರಗೊಬ್ಬರು ನಿಂತು ಕೂಗುತ್ತಲೇ ಇರಬೇಕು. ಒಬ್ಬರೇ ಕೂಗಬೇಕು, ಇಬ್ಬರು ಕೂಗಿದರೆ ದಿಕ್ಕು ತಪ್ಪುತ್ತದೆ. ನಾವೂ ಅದನ್ನೇ ಪಾಲಿಸುತ್ತಿದ್ದೆವು.

"ಅಕ್ಕಾ, ನೀನೇ ಕೂಗು. ಬೇರೆಯವ್ರು ಬೇಡ" ಎಂದು ಸೀನ ಒಳಗೆ ಹೋದ.

"ಸೀನಾ... ಓ ಸೀನಾ..." ನಾಲ್ಕೈದು ಸಲ ಕೂಗಿದೆ. ಉಳಿದವರು ದೂರದಲ್ಲಿ ಅಂಕದ ಬಗ್ಗೆ ಜಗಳವಾಡುತ್ತಿದ್ದರು. ಕತ್ತಲಾಗುತ್ತಿತ್ತು. ಎಂಟನೇ ಕ್ಲಾಸಿಗೇ ಓದು ಬಿಟ್ಟ ನನಗೆ ಇದನ್ನು ಸುತ್ತಿಬಳಸಿ ಹೇಳಲು ಬರುವುದಿಲ್ಲ. ದೀಪ ಹತ್ತುವವರೆಗೆ ಅವನು ಒಳಗೇ ಇರಲಿ ಎಂದು ನಾನು ಕೂಗುವುದನ್ನು ನಿಲ್ಲಿಸಿದೆ.

ದೀಪ ಹತ್ತಿತು. ನಮ್ಮವರು ಕಿರುಚಿ ಕುಣಿದರು. ಈಗ ಕೂಗೋಣವೆಂದು ಬಾಯಿ ತೆರೆದರೆ ದನಿಯೇ ಬರಲಿಲ್ಲ. ನೊರೆ ಸಣ್ಣಗೆ ಸಿಡಿಯುವ ಸದ್ದು ಮಾತ್ರ, ಯಾರೋ ಪಿಸುಗುಟ್ಟುವ ಹಾಗೆ. ಎಷ್ಟು ಹೊತ್ತು ನಿಂತೆನೋ. ಆಮೇಲೆ ಕಾಲುವೆಯ ಕಡೆಯಿಂದ ಸೀನ ಹೊರಬಂದ. ತಲೆಯಿಂದ ಕಾಲಿನವರೆಗೆ ಬಿಳಿ, ಕಂಕುಳಲ್ಲಿ ಚೆಂಡು. ಅವನು ನಗುತ್ತಿದ್ದ.

"ನೀನು ಕೂಗ್ತಾನೇ ಇದ್ಯಲ್ಲ, ಅದಕ್ಕೇ ನಂಗೆ ಭಯ ಆಗ್ಲಿಲ್ಲ" ಅಂದ. "ಆದ್ರೆ ಆಮೇಲಾಮೇಲೆ ಯಾಕಕ್ಕಾ ಅಷ್ಟು ಮೆತ್ತಗೆ ಕೂಗ್ದೆ? ಕಿವಿ ಹತ್ರಾನೇ ಬಂದು ಹೇಳ್ದಂಗಿತ್ತು. ಕಾಲುವೆ ಹತ್ರ, 'ಆ ಕಡೆ ಬೇಡ ಕಣೋ, ಈ ಕಡೆ ಬಾ' ಅಂದ್ಯಲ್ಲ, ಇಲ್ದಿದ್ರೆ ಬಿದ್ದೇಬಿಡ್ತಿದ್ದೆ."

ನಾನು ಹೂಂ ಅಂದೆ.

ಮನೆಯಲ್ಲಿ ಅಮ್ಮ ನನಗೆ ದೃಷ್ಟಿ ತೆಗೆದಳು. "ಇವಳಿಲ್ದಿದ್ರೆ ಮಗ ಸಿಕ್ತಿರ್ಲಿಲ್ಲ" ಎಂದು ಬೀದಿಗೆಲ್ಲ ಹೇಳಿದಳು. ಸೀನ ಇವತ್ತಿಗೂ ಹಾಗೇ ಹೇಳುತ್ತಾನೆ. ನಾನು ಒಮ್ಮೆಯೂ ತಿದ್ದಿಲ್ಲ.

ಆ ಬಯಲಲ್ಲಿ ಈಗ ಅಪಾರ್ಟ್‌ಮೆಂಟು ಎದ್ದಿದೆ. ಕೆರೆಗೆ ಬೇಲಿ ಬಿದ್ದಿದೆ, ನೊರೆ ಅಷ್ಟೆತ್ತರ ಏಳುವುದಿಲ್ಲ. ಮರುವರ್ಷವೇ ನೀಲವ್ವನ ಮನೆಯವರು ಹೊರಟುಹೋದರು. ಇವೆಲ್ಲ ಊರೇ ಕಳೆದುಕೊಂಡದ್ದು. ನಾನೊಬ್ಬಳೇ ಕಳೆದುಕೊಂಡದ್ದು ತಮ್ಮನ ಹೆಸರು. ಅವತ್ತಿನಿಂದ ಅದನ್ನು ಗಟ್ಟಿಯಾಗಿ ಕೂಗಲು ನನ್ನಿಂದಾಗಿಲ್ಲ. ಊಟಕ್ಕೆ ಕರೆಯಬೇಕೆಂದರೆ ಮಹಡಿ ಹತ್ತಿ ಅವನ ಭುಜ ಮುಟ್ಟುತ್ತೇನೆ.

ಕೆಲವು ಸಂಜೆ, ಬೀದಿ ದೀಪ ಹತ್ತುವ ಹೊತ್ತಿಗೆ, "ಬಂದೆ ಅಕ್ಕಾ" ಎನ್ನುತ್ತಾ ಅವನೇ ಇಳಿದು ಬರುತ್ತಾನೆ.

"ಯಾಕೆ ಕರೆದೆ?"

ನಾನು ಕರೆದಿರುವುದಿಲ್ಲ. "ಊಟಕ್ಕೆ" ಎಂದು ತಟ್ಟೆ ಹಾಕುತ್ತೇನೆ.