ಟೇಪಿನಲ್ಲಿ ಉಳಿದ ಬಲಗೈ

ಶ್ರೀಮಂಗಲದ ಒಳಗಿನ ತೋಟದ ದಾರಿಗೆ ಬೆಳಕು ಇನ್ನೂ ಇಳಿದಿಲ್ಲ. ಮೇದರ ಲಿಂಗ ತಲೆಯ ಮೇಲೆ ಲೌಡ್‌ಸ್ಪೀಕರಿನ ತಗಡಿನ ಹಾರ್ನ್ ಹೊತ್ತು, ಹೆಗಲಿಗೆ ಪರೆ ಎಂಬ ಡೋಲು ಇಳಿಬಿಟ್ಟುಕೊಂಡು ನಡೆಯುತ್ತಾರೆ, ಹಿಂದೆ ನಾನು. ಸಾವು ಸಾರುವ ಗುಂಡಿನ ಸದ್ದು ಆಗಲೇ ಕೇಳಿಸಿದೆ. ಸಾವಿನ ಮನೆಗೆ ಪರೆಯ ಬಡಿತ ಬೇಕೇ ಬೇಕು.

ಮೈಕ್ ಸೆಟ್ಟಿನ ಗುರುವಪ್ಪ ಜೀಪಿನಲ್ಲಿ ಬ್ಯಾಟರಿ, ಟೇಪ್ ರೆಕಾರ್ಡರ್ ತರುತ್ತಾರೆ. ಲಿಂಗ ಅಂಗಳದ ಹಲಸಿನ ಮರಕ್ಕೆ ಹಾರ್ನ್ ಕಟ್ಟಿ, ಟೇಪಿನ ಸ್ಪೂಲ್ ಏರಿಸಿ, ಹೆಬ್ಬೆರಳಿನಿಂದ ಗುಂಡಿ ಒತ್ತುತ್ತಾರೆ. ಪರೆಯ ಸದ್ದು ಗದ್ದೆಯಾಚೆಗೂ ಹೋಗುತ್ತದೆ. ಬಾರಿಸಿದವರು ಇದೇ ಲಿಂಗ, ಕೈ ಸರಿಯಿದ್ದಾಗ. ಬಲಗೈಯಲ್ಲಿ ಈಗ ಉಳಿದಿರುವುದು ಆ ಹೆಬ್ಬೆರಳೊಂದೇ.

ಕೊಡಗು ಮೈಸೂರಿಗೆ ಸೇರಿದ ಕಾಲಕ್ಕೆ ಈ ಸುತ್ತಿನಲ್ಲಿ ಪರೆ ಬಾರಿಸುವವರು ಏಳೆಂಟು ಮಂದಿ ಇದ್ದರು. ಕೆಲವರು ತೀರಿಕೊಂಡರು, ಕೆಲವರು ದೂರದ ಎಸ್ಟೇಟುಗಳ ಕೂಲಿ ಲೈನುಗಳಿಗೆ ಹೋದರು. ಬುಟ್ಟಿ ಹೆಣೆದು ಹೊಟ್ಟೆ ತುಂಬದೆ ಲಿಂಗ ಕೂಡ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಕೆಲಸಕ್ಕೆ ಸೇರಿದರು.

ಆ ವರ್ಷವೇ ತೋಟದ ಧಣಿ ಬೆಳ್ಯಪ್ಪನವರು ಹೊಸ ಟೇಪ್ ರೆಕಾರ್ಡರ್ ತಂದರು. ಹಳೆಯ ಬಡಿತಗಳನ್ನೆಲ್ಲ ಹಿಡಿದಿಡುವ ಆಸೆ ಅವರದು. ಸಾವಿನ ಬಡಿತವನ್ನೂ ಬಾರಿಸು ಎಂದರು. ಲಿಂಗನ ಹೆಂಡತಿ ನಿಂಗಮ್ಮ ತಡೆದರು.

"ಯಾರೂ ಸಾಯದ ಮನೇಲಿ ಸಾವಿನ ಪರೆ ಬಾರಿಸ್ತಾರಾ? ಬೇಡ ಅಂದ್ಲು. ದೊಡ್ಡೋರು ಕೇಳಿದ್ರು ಅಂತ ನಾ ಬಾರಿಸ್ದೆ," ಎನ್ನುತ್ತಾರೆ ಲಿಂಗ.

ಆ ವರ್ಷದ ಕಾಫಿ ಕೊಯ್ಲು ಮುಗಿಯುವ ಮೊದಲೇ ಪಲ್ಪರ್ ನಾಲ್ಕು ಬೆರಳು ಎಳೆದುಕೊಂಡಿತು. ಪರೆ ಹೋಯಿತು, ಬುಟ್ಟಿಯೂ ಹೋಯಿತು. ಗಾಯ ಮಾಯುವವರೆಗೆ ಅನ್ನ ಕಲಸಿ ತಿನ್ನಿಸಿದವರು ನಿಂಗಮ್ಮ. ಕೈ ತಿಂದದ್ದು ಆ ಟೇಪೇ ಎಂದು ಅವರು ಕೊನೆಯವರೆಗೂ ನಂಬಿದ್ದರು. ಬಾರಿಸುವವರೇ ಇಲ್ಲದಾದಾಗ ಬೆಳ್ಯಪ್ಪನವರು ಅದೇ ಟೇಪನ್ನು ಗುರುವಪ್ಪನಿಗೆ ಕೊಟ್ಟು, ಲಿಂಗನನ್ನೂ ಜೊತೆಗೆ ಹಾಕಿದರು. ಮನೆಗೆ ಅಕ್ಕಿ ಬಂದದ್ದು ಅದರಿಂದಲೇ. ಆ ಅನ್ನವನ್ನು ನಿಂಗಮ್ಮ ಮಾತಿಲ್ಲದೆ ಬೇಯಿಸಿದರು.

ಯಂತ್ರಕ್ಕೆ ಸಾವಿನ ಮನೆಯ ರೀತಿ ತಿಳಿಯದು. ಹೆಣ ಮೀಯಿಸುವಾಗ ಒಂದು ಬಡಿತ, ಎತ್ತುವಾಗ ಇನ್ನೊಂದು. ನೆಂಟರು ಬರುವುದು ತಡವಾದರೆ ಟೇಪ್ ಕಾಯುವುದಿಲ್ಲ. ಆಗ ಲಿಂಗ ಅದನ್ನು ನಿಲ್ಲಿಸಿ, ಹೆಗಲಿನ ಪರೆಗೆ ಎಡಗೈಯ ಕೋಲು ಹಾಕುತ್ತಾರೆ. ಎಲ್ಲರೂ ಸೇರಿದ ಮೇಲೆ ಅದೇ ಲಯಕ್ಕೆ ಮತ್ತೆ ಗುಂಡಿ ಒತ್ತುತ್ತಾರೆ. ಇವತ್ತು ಸತ್ತವರ ಮಗಳೊಬ್ಬಳು ಓಡಿಬಂದು ಹೆಣದ ಮೇಲೆ ಬಿದ್ದಾಗಲೂ ಹಾಗೇ ಮಾಡಿದರು. ಆದರೂ ಮುದುಕರೊಬ್ಬರು ಗೊಣಗಿದರು: "ಪೆಟ್ಟಿಗೆ ಅತ್ತರೆ ಸತ್ತವನಿಗೆ ಕೇಳ್ತದಾ?"

ಕಳೆದ ಮಳೆಗಾಲ ಜ್ವರದಲ್ಲಿ ನಿಂಗಮ್ಮ ತೀರಿಕೊಂಡರು. ಗುರುವಪ್ಪ ಕರೆಯದೆಯೇ ಮೈಕ್ ಸೆಟ್ ತಂದು ಗುಡಿಸಲ ಮುಂದೆ ಇಳಿಸಿದರು. ಲಿಂಗ ಗುಂಡಿ ಒತ್ತಲಿಲ್ಲ.

"ಆ ಟೇಪ್ ಅಂದ್ರೆ ಅವ್ಳಿಗೆ ಹೆದ್ರಿಕೆ. ಹೋಗೋ ಹೊತ್ತಲ್ಲಿ ಹೆಂಗೆ ಕೇಳಿಸ್ಲಿ ಅಯ್ಯಾ? ಪರೆಯಲ್ಲಿ ಬಲಗೈ ಮಾತಾಡ್ತದೆ, ಎಡಗೈ ಹೂಂ ಅಂತದೆ. ಅವತ್ತು ಹೂಂ ಅಷ್ಟೇ. ಸುಡುಗಾಡಿನ ತನ್ಕ ಮಳೇಲಿ ಹೂಂ, ಹೂಂ ಅಂತ ಬಾರಿಸ್ಕೊಂಡು ಹೋದೆ," ಎನ್ನುತ್ತಾರೆ ಲಿಂಗ.

ಚರ್ಮ ನೆನೆದು ಸದ್ದು ಸತ್ತ ಮೇಲೂ ಅವರು ನಿಲ್ಲಿಸಲಿಲ್ಲವೆಂದು ಗುರುವಪ್ಪ ಹೇಳುತ್ತಾರೆ.

ಸ್ಪೂಲ್ ಈಗ ಸವೆದಿದೆ, ಅಲ್ಲಲ್ಲಿ ತುಂಡಾಗಿ ಅಂಟಿಸಿದ್ದಾರೆ. ಅದು ಹರಿದರೆ ಮುಂದೇನು ಎಂದು ಕೇಳಿದೆ. ಲಿಂಗ ಹಾರ್ನಿನ ಹಗ್ಗ ಬಿಚ್ಚುತ್ತಲೇ ಹೇಳಿದರು.

"ಈ ಎಡಗೈದನ್ನೂ ಒಂದ್ಸಲ ಟೇಪ್ ಮಾಡಿಕೊಡಿ ಅಂತ ಬೆಳ್ಯಪ್ಪ ಅಯ್ಯನ ಕೇಳಿದೀನಿ. ಚೆಂದ ಏನಿಲ್ಲ. ಆದ್ರೆ ನಾ ಹೋದಾಗ ಬಾರಿಸೋಕೆ ಯಾರಿದಾರೆ? ಅದನ್ನೇ ಹಾಕ್ಲಿ. ಅವ್ಳಿಗೆ ಬಾರಿಸಿದ್ದೇ ನಂಗೂ ಸಾಕು."