ಲೀಟರಿಗೆ ಏಳು

ಹೋದ ವರ್ಷ ಕಾಯಿಲೆಯಲ್ಲಿ ತೀರಿಕೊಂಡ ನನ್ನ ತಮ್ಮನ ಸ್ಪೋರ್ಟ್ಸ್ ಕಾರಿನಲ್ಲೇ ನಾನು ದಿನಾ ಮತ್ತಿಗಿರಿಯಿಂದ ಕೃಷ್ಣಗಿರಿಯ ಫ್ಯಾಕ್ಟರಿಗೆ ಹೋಗಿಬರುತ್ತೇನೆ. ಮೊನ್ನೆ ಪೆಟ್ರೋಲ್ ಬಂಕಿನಲ್ಲಿ ಮಾವಿನಹಣ್ಣಿನ ಟೆಂಪೋದವನೊಬ್ಬ ಪಕ್ಕಕ್ಕೆ ಬಂದು ನಿಂತ.

“ಲೀಟರ್‌ಗೆ ಎಷ್ಟು ಕೊಡ್ತದಣ್ಣಾ?”

“ಏಳು” ಅಂದೆ.

“ಏಳಾ! ಲೋಡ್ ಹೊತ್ಕಂಡು ನನ್ ಟೆಂಪೋನೇ ಇದಕ್ಕಿಂತ ಜಾಸ್ತಿ ಕೊಡ್ತದೆ. ಮಾರ್ಬುಟ್ಟು ಬೈಕ್ ತಕ್ಕೊಳಣ್ಣ.”

ಅವನು ನಗುತ್ತಲೇ ಇದ್ದ. ನನಗೆ ತಡೆಯಲಾಗಲಿಲ್ಲ.

“ತಮ್ಮನ ಕಾರು ಕಣಪ್ಪ. ಅವ್ನು ಹೋಗ್ಬುಟ್ಟ. ಸಂಜೆ ಇದ್ರ ಸದ್ದು ಕೇಳುದ್ರೇನೇ ನಮ್ಮವ್ವ ಎದ್ದು ಒಲೆ ಹಚ್ಚೋದು.”

ಅವನ ನಗು ನಿಂತಿತು. ಟೆಂಪೋದಿಂದ ನಾಲ್ಕು ಹಣ್ಣು ತಂದು ಸೀಟಿನ ಮೇಲಿಟ್ಟು, “ಅವ್ವಂಗೆ ಕೊಡಣ್ಣ” ಅಂದು ಹೊರಟುಹೋದ.

ಯಾಕೆ ಕೊಟ್ಟನೆಂದು ಹೇಳಿದ ಮೇಲೆ ಅವ್ವ ಹಣ್ಣು ಮುಟ್ಟಲಿಲ್ಲ. ಈಗ ಮೈಲೇಜ್ ಕೇಳಿದವರಿಗೆಲ್ಲ ಹದಿನೈದು ಅಂತ ಸುಳ್ಳು ಹೇಳಿಬಿಡುತ್ತೇನೆ. ಯಾರೂ ಮುಂದಕ್ಕೆ ಮಾತು ಬೆಳೆಸುವುದಿಲ್ಲ.