ಕುಪ್ಪಮ್ಮ ಕರೆಸಿಕೊಂಡ ಲಿಂಗಪ್ಪನ್

ಅವಿನಾಶಿಯ ಬನಿಯನ್ ಕಂಪನಿಯಲ್ಲಿ ಟೈಲರ್ ಆಗಿರುವ ರುಕ್ಮಣಿಯ ಗಂಡ ತೀರಿಕೊಂಡಾಗ ಮಗ ನವನೀತನ್ ಇನ್ನೂ ಶಾಲೆಗೆ ಸೇರಿರಲಿಲ್ಲ. ಅತ್ತೆ ಕುಪ್ಪಮ್ಮ ಮಗುವನ್ನು ನೋಡಿಕೊಂಡಳು, ಸೊಸೆ ದುಡಿದಳು. ಇಬ್ಬರು ಹೆಂಗಸರೇ ಹುಡುಗನನ್ನು ಬೆಳೆಸಿ ಮದುವೆಯನ್ನೂ ಮಾಡಿದರು. ಅವನು ಹೆಂಡತಿಯೊಂದಿಗೆ ಸಿಂಗಾನಲ್ಲೂರಿನಲ್ಲಿ ಮನೆ ಮಾಡಿದ.

ಅದೇ ಕಂಪನಿಯ ಮೆಕ್ಯಾನಿಕ್ ಲಿಂಗಪ್ಪನ್ ಮತ್ತು ರುಕ್ಮಣಿ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಅವನ ಹೆಂಡತಿ ಎಂದೋ ತವರು ಸೇರಿದ್ದಳು, ವಿಚ್ಛೇದನಕ್ಕೆ ಮಾತ್ರ ಒಪ್ಪಿರಲಿಲ್ಲ. ಹಾಗಾಗಿ ಮದುವೆಯ ಮಾತೇ ಇಲ್ಲ. ಕೆಲಸ ಬಿಟ್ಟ ಮೇಲೆ ಟೀ ಅಂಗಡಿಯ ಮುಂದೆ ನಿಂತು ಮಾತಾಡಿ, ಅವರವರ ಮನೆಗೆ ಹೋಗುತ್ತಿದ್ದರು.

ಒಂದು ಭಾನುವಾರ ಅವರೆಕಾಯಿ ಸುಲಿಯುತ್ತಿದ್ದ ಕುಪ್ಪಮ್ಮ ಇದ್ದಕ್ಕಿದ್ದಂತೆ ಕೇಳಿದಳು, "ಆ ಲಿಂಗಪ್ಪನ್ನ ಯಾಕೆ ಬೀದೀಲೇ ನಿಲ್ಲಿಸ್ತೀಯ?"

ಜೊತೆಗೆ ಕಾಯಿ ಸುಲಿಯುತ್ತಿದ್ದ ರುಕ್ಮಣಿಯ ಕೈ ನಿಂತಿತು. "ಯಾರು ಹೇಳಿದ್ರು ಅತ್ತೆ?"

"ಯಾರು ಹೇಳ್ಬೇಕು? ನನ್ ಮಗ ಹೋದ. ನೀನೂ ಅವನ ಜೊತೇಲೇ ಹೋದ್ಯಾ? ಇಲ್ಲಿಗೇ ಬರಕ್ಕೆ ಹೇಳು."

"ತಾಳಿ ಇಲ್ದೆ ಹೆಂಗತ್ತೆ? ನೆಂಟ್ರು ಏನಂತಾರೆ?"

"ಅಂದ್ರೆ ಅನ್ಲಿ ಬುಡು."

ಲಿಂಗಪ್ಪನ್ ಬಂದು ಅವರ ಜೊತೆಗೇ ಇರತೊಡಗಿದ. ನೆಂಟರು ಕುಲದೇವರ ಪೂಜೆಗೆ ಕರೆಯುವುದನ್ನು ನಿಲ್ಲಿಸಿದರು. ರುಕ್ಮಣಿ ಅದನ್ನು ಸಹಿಸಿಕೊಂಡಳು. ಆದರೆ ನವನೀತನ್ ಬಾಗಿಲಲ್ಲೇ ನಿಂತು, "ನನ್ನ ತಲೆ ತಗ್ಗಿಸಿದ್ರಿ ಅಮ್ಮ" ಎಂದು ಹೊರಟುಹೋದದ್ದು ಅವಳನ್ನು ಹಿಂಡಿತು. "ನಾನು ಹೋಗ್ಬುಡ್ತೀನಿ" ಎಂದ ಲಿಂಗಪ್ಪನ್. "ಅವನು ಮಗ, ಎಂದಾದ್ರೂ ಬರ್ತಾನೆ. ನೀವು ಇರಿ" ಎಂದಳು ರುಕ್ಮಣಿ.

ಮುಂದಿನ ವರ್ಷ ಕುಪ್ಪಮ್ಮ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಅಜ್ಜಿಯನ್ನು ನೋಡಲು ನವನೀತನ್ ಬಂದಾಗ, ಮಂಚದಿಂದ ಬಚ್ಚಲಿನವರೆಗೆ ಗೋಡೆಗುಂಟ ಕಬ್ಬಿಣದ ಪೈಪು ಹಾಕಿತ್ತು. ಕುಪ್ಪಮ್ಮ ಒಂದು ಕೈಯಲ್ಲಿ ಅದನ್ನು, ಇನ್ನೊಂದರಲ್ಲಿ ಲಿಂಗಪ್ಪನ್‌ನ ಹೆಗಲನ್ನು ಹಿಡಿದು, "ಮೆಲ್ಲಗೆ ನಡಿಯೋ" ಎಂದು ಅವನನ್ನೇ ಗದರಿಸುತ್ತಾ ಬರುತ್ತಿದ್ದಳು.

ಮೊಮ್ಮಗನನ್ನು ಕಂಡು ಹೇಳಿದಳು, "ನಿಂಗೆ ಅಪ್ಪ ಬೇಡ ಅಂದ್ರೆ ಬೇಡ ಕಣೋ. ನಂಗೊಬ್ಬ ಮಗ ಬೇಕಾಗಿತ್ತು."

ನವನೀತನ್ ಗೋಡೆಯ ಹತ್ತಿರ ಬಂದ. ಪೈಪನ್ನು ಹಿಡಿದು ಅಲುಗಾಡಿಸಿ ನೋಡಿದ. ಗಟ್ಟಿಯಾಗಿತ್ತು. "ಇದನ್ನ ನೀವೇ ಹಾಕಿದ್ದಾ?" ಎಂದು ಲಿಂಗಪ್ಪನ್‌ನನ್ನು ಕೇಳಿದ. ಅಂದು ಊಟ ಮಾಡಿಕೊಂಡೇ ಹೋದ.

ಕೆಲವು ನೆಂಟರು ಇಂದಿಗೂ ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಕಳೆದ ದೀಪಾವಳಿಗೆ ಮಾತ್ರ ನವನೀತನ್ ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ. ತಂದ ಹೊಸ ಬಟ್ಟೆಗಳಲ್ಲಿ ಲಿಂಗಪ್ಪನ್‌ಗೂ ಒಂದು ಜರಿ ಅಂಚಿನ ಪಂಚೆ ಇತ್ತು.